ಓದುಗರ ಪ್ರಶ್ನೆಗೆ ಉತ್ತರ: ಬ್ರಿಟನ್ನಿನ ಟಿ.ವಿ. ಲೈಸೆನ್ಸ್ ಕಟ್ಟಬೇಕೇ, ಬಿಡಬೇಕೇ?

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಂದ ಟಿ.ವಿ. ಲೈಸೆನ್ಸ್, ಅಂದರೆ ಅಲ್ಲಿ ಟಿ.ವಿ. ನೋಡಲು ವರ್ಷ ವರ್ಷ ಹಣ ಕಟ್ಟಿ ಪಡೆಯುವ ಪರವಾನಗಿಯ ಕುರಿತು ಆಗಾಗ ಪತ್ರಗಳು ಬರುತ್ತಿರುತ್ತವೆ. ಈ ತಿಂಗಳು ಅಂತಹ ಮೂರು ಪತ್ರಗಳು ಒಟ್ಟಿಗೇ ಬಂದಿವೆ. ಅವುಗಳ ಜೊತೆಗೆ, ಇದೇ ವಿಷಯವನ್ನು ಬೇರೊಂದು ಕಡೆಯಿಂದ ಕೇಳುವ ಪತ್ರವೊಂದು ಧಾರವಾಡದಿಂದಲೂ ಬಂದಿದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಮೂರು ವರ್ಷಗಳಿಂದ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಇದ್ದೇವೆ. ಮನೆಯಲ್ಲಿ ನಾನು, ಯಜಮಾನರು, ಆರು ವರ್ಷದ ಮಗಳು. ಬಂದ ಹೊಸದರಲ್ಲಿ ಯಾರೋ ಹೇಳಿದರೆಂದು ಟಿ.ವಿ. ಲೈಸೆನ್ಸ್ ಮಾಡಿಸಿದೆವು. 2025ರಲ್ಲಿ ಅದಕ್ಕೆ ವರ್ಷಕ್ಕೆ 174.50 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 20 ಸಾವಿರ ರೂಪಾಯಿ ಆಗಿತ್ತು. ಬಿಬಿಸಿ ಚಾನೆಲ್‌ಗಳನ್ನು ನಾವು ನೋಡುವುದೇ ಇಲ್ಲ ಎನ್ನಬಹುದು. ರಾತ್ರಿ ಊಟವಾದ ಮೇಲೆ ನೆಟ್‌ಫ್ಲಿಕ್ಸ್‌ನಲ್ಲೋ ಪ್ರೈಮ್‌ನಲ್ಲೋ ಒಂದು ಸಿನಿಮಾ ನೋಡುತ್ತೇವೆ. ಮಗಳು ಟ್ಯಾಬ್ಲೆಟ್‌ನಲ್ಲಿ ಮಕ್ಕಳ ಕಾರ್ಯಕ್ರಮ ನೋಡುತ್ತಾಳೆ. ಅತ್ತೆ, ಮಾವ ಪ್ರತಿ ಏಪ್ರಿಲ್‌ನಲ್ಲಿ ಮೈಸೂರಿನಿಂದ ಬಂದು ಐದು ತಿಂಗಳು ಇರುತ್ತಾರೆ. ಅವರಿಗಾಗಿ ಇಂಟರ್ನೆಟ್ ಮೂಲಕ ಕನ್ನಡ ಚಾನೆಲ್‌ಗಳು ಬರುವಂತೆ ಮಾಡಿದ್ದೇವೆ. ಕ್ರಿಕೆಟ್ ಇದ್ದಾಗ ಯಜಮಾನರು ಸ್ಕೈ ಸ್ಪೋರ್ಟ್ಸ್ ಹಾಕಿಸಿಕೊಳ್ಳುತ್ತಾರೆ. ‘ಬಿಬಿಸಿ ನೋಡದಿದ್ದರೆ ಲೈಸೆನ್ಸ್ ಬೇಕಾಗಿಲ್ಲ, ರದ್ದು ಮಾಡಿಸಿ ಸುಮ್ಮನಿರಿ, ಯಾರೂ ಬಂದು ಕೇಳುವುದಿಲ್ಲ’ ಎಂದು ಅವರ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಮುಂದಿನ ತಿಂಗಳು ನವೀಕರಣ. ಇನ್ನೆರಡು ವರ್ಷಕ್ಕೆ ಇಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕುವ ಯೋಚನೆ ಇರುವುದರಿಂದ ಮನಸ್ಸಿಗೆ ಹೆದರಿಕೆ. ಕಟ್ಟುವುದೇ, ಬಿಡುವುದೇ?
(ಓದುಗರು, ಸ್ವಿಂಡನ್)

ಉತ್ತರ: ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಹೀಗೆಯೇ ನಡೆಯುವುದಾದರೆ ಲೈಸೆನ್ಸ್ ಬೇಕೇ ಬೇಕು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ನಿಮ್ಮ ಗೊಂದಲವನ್ನು ಹೆಚ್ಚಿಸುವುದು ನನಗೆ ಇಷ್ಟವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

‘ಬಿಬಿಸಿ ನೋಡದಿದ್ದರೆ ಕಟ್ಟಬೇಕಾಗಿಲ್ಲ’ ಎಂಬ ಮಾತು ನಮ್ಮ ಜನರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಲೈಸೆನ್ಸಿನ ಹಣದಿಂದ ಬಿಬಿಸಿ ನಡೆಯುತ್ತದೆ ಎಂಬುದು ನಿಜವಾದ್ದರಿಂದ ಈ ಮಾತು ಕೇಳುವವರಿಗೆ ಸರಿಯೆಂದೇ ತೋರುತ್ತದೆ. ಆದರೆ ಹಣ ಯಾರಿಗೆ ಹೋಗುತ್ತದೆ ಎಂಬುದು ಬೇರೆ, ಯಾವುದಕ್ಕೆ ಲೈಸೆನ್ಸ್ ಬೇಕು ಎಂಬುದು ಬೇರೆ. ಯಾವುದೇ ಚಾನೆಲ್‌ನ ಕಾರ್ಯಕ್ರಮವನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿನಲ್ಲೇ ನೋಡುವುದಕ್ಕಾಗಲಿ, ರೆಕಾರ್ಡ್ ಮಾಡಿಕೊಳ್ಳುವುದಕ್ಕಾಗಲಿ ಬ್ರಿಟನ್ನಿನಲ್ಲಿ ಲೈಸೆನ್ಸ್ ಬೇಕು. ಚಾನೆಲ್ ಯಾವ ದೇಶದ್ದು, ಭಾಷೆ ಯಾವುದು, ಬರುವುದು ಆ್ಯಂಟೆನಾದಿಂದಲೋ ಡಿಶ್‌ನಿಂದಲೋ ಇಂಟರ್ನೆಟ್‌ನಿಂದಲೋ, ನೋಡುವುದು ದೊಡ್ಡ ಟಿ.ವಿ.ಯಲ್ಲೋ ಅಂಗೈಯಗಲದ ಮೊಬೈಲ್‌ನಲ್ಲೋ ಎಂಬ ಭೇದವನ್ನು ಕಾನೂನು ಮಾಡುವುದಿಲ್ಲ. ಇದರ ಮೇಲೆ, ಬಿಬಿಸಿಯ ಕಾರ್ಯಕ್ರಮಗಳನ್ನು ಇಂಟರ್ನೆಟ್‌ನಲ್ಲಿ ತೋರಿಸುವ ಐಪ್ಲೇಯರ್‌ನಲ್ಲಿ ಏನನ್ನೇ ಯಾವಾಗಲೇ ನೋಡಿದರೂ ಲೈಸೆನ್ಸ್ ಬೇಕೆಂಬ ನಿಯಮ 2016ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಇಲ್ಲಿ ನಮ್ಮ ಭಾಷೆಯೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡುವುದನ್ನು ಇಂಗ್ಲಿಷಿನಲ್ಲಿ ‘ಲೈವ್’ ಎನ್ನುತ್ತಾರೆ. ‘ಲೈವ್’ ಎಂದ ಕೂಡಲೇ ನಾವು ‘ನೇರಪ್ರಸಾರ’ ಎಂದು ಅರ್ಥ ಮಾಡಿಕೊಳ್ಳುತ್ತೇವೆ, ಮೈಸೂರು ದಸರಾ ಮೆರವಣಿಗೆಯೋ ವಿಧಾನಸಭೆಯ ಕಲಾಪವೋ ಕ್ರಿಕೆಟ್ ಪಂದ್ಯವೋ ಕಣ್ಣ ಮುಂದೆ ಬರುತ್ತದೆ. ಹದಿನೈದು ದಿನ ಮೊದಲೇ ಚಿತ್ರೀಕರಣ ಮುಗಿದಿರುವ ಧಾರಾವಾಹಿಯನ್ನು ನೇರಪ್ರಸಾರ ಎಂದು ಯಾವ ಕನ್ನಡಿಗನೂ ಕರೆಯುವುದಿಲ್ಲ. ಲೈಸೆನ್ಸಿನ ಲೆಕ್ಕದಲ್ಲಿ ಮಾತ್ರ, ಕಾರ್ಯಕ್ರಮ ಎಷ್ಟು ಹಳೆಯದಾದರೂ ಚಾನೆಲ್ ಅದನ್ನು ಬಿತ್ತರಿಸುತ್ತಿರುವ ಹೊತ್ತಿಗೇ ನೀವು ನೋಡಿದರೆ ಅದು ‘ಲೈವ್’ ಆಗುತ್ತದೆ. ನಿಮ್ಮ ಅತ್ತೆಯವರು ನೋಡುವ ರಾತ್ರಿ ಎಂಟು ಗಂಟೆಯ ಧಾರಾವಾಹಿ, ಬೇಸಿಗೆಯಲ್ಲಿ ಭಾರತಕ್ಕೂ ಬ್ರಿಟನ್ನಿಗೂ ನಾಲ್ಕೂವರೆ ಗಂಟೆಯ ಅಂತರ ಇರುವುದರಿಂದ, ಸ್ವಿಂಡನ್‌ನಲ್ಲಿ ಮಧ್ಯಾಹ್ನ ಮೂರೂವರೆಗೆ ಬರುತ್ತದೆ. ಮೊಮ್ಮಗಳು ಶಾಲೆಯಿಂದ ಬರುವ ಹೊತ್ತಿಗೆ ಅಜ್ಜಿ ಕಾಫಿ ಲೋಟ ಹಿಡಿದು ಟಿ.ವಿ. ಮುಂದೆ ಕುಳಿತಿರುತ್ತಾರಲ್ಲ, ಆ ಅರ್ಧ ಗಂಟೆಗೆ ಲೈಸೆನ್ಸ್ ಬೇಕು. ಅದೇ ಸಂಚಿಕೆಯನ್ನು ರಾತ್ರಿಯೋ ಮರುದಿನವೋ ಆ ಚಾನೆಲ್‌ನ ಆ್ಯಪ್‌ನಲ್ಲಿ ಬೇಕಾದಾಗ ತೆರೆದು ನೋಡಿದರೆ ಲೈಸೆನ್ಸ್ ಬೇಕಾಗಿಲ್ಲ. ಯೂಟ್ಯೂಬ್‌ಗೂ ಇದೇ ಮಾತು: ಮಾವನವರು ಕನ್ನಡದ ಸುದ್ದಿ ಚಾನೆಲ್ ಒಂದನ್ನು ಯೂಟ್ಯೂಬ್‌ನಲ್ಲಿ ಅದು ಬರುತ್ತಿರುವಂತೆಯೇ ಹಾಕಿಕೊಂಡು ಕುಳಿತರೆ ಅದೂ ಟಿ.ವಿ. ನೋಡಿದಂತೆಯೇ, ಆ ಚಾನೆಲ್ ಆಮೇಲೆ ಹಾಕುವ ತುಣುಕುಗಳನ್ನು ನೋಡಿದರೆ ಅಲ್ಲ.

ಯಜಮಾನರ ಕ್ರಿಕೆಟ್ ವಿಷಯದಲ್ಲಿ ವಾದಕ್ಕೆ ಎಡೆಯೇ ಇಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟು ವರ್ಷದ ಕಾಯುವಿಕೆಯ ನಂತರ ಐಪಿಎಲ್ ಕಪ್ ಎತ್ತಿದ ದಿನ, ಬ್ರಿಟನ್ನಿನ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಪರದೆ ಎಳೆದು ಟಿ.ವಿ. ಹಚ್ಚಿದ್ದರು. ಸ್ಕೈಗೆ ಬೇರೆ ದುಡ್ಡು ಕೊಟ್ಟಿದ್ದೇವಲ್ಲ ಎಂದರೆ ನಡೆಯುವುದಿಲ್ಲ. ಅದು ಚಾನೆಲ್‌ನ ಚಂದಾ. ಲೈಸೆನ್ಸ್ ಅದರೊಳಗೆ ಸೇರಿರುವುದಿಲ್ಲ. ಪ್ರೈಮ್‌ನಲ್ಲೋ ನೆಟ್‌ಫ್ಲಿಕ್ಸ್‌ನಲ್ಲೋ ನೇರವಾಗಿ ಬರುವ ಆಟಗಳಿಗೂ ಲೈಸೆನ್ಸ್ ಬೇಕು.

ಇನ್ನು ಮಗಳ ಟ್ಯಾಬ್ಲೆಟ್. ಒಮ್ಮೆ ಅವಳ ಪಕ್ಕದಲ್ಲಿ ಕುಳಿತು ನೋಡಿ. ಅವಳು ನೋಡುವುದು ಯೂಟ್ಯೂಬ್‌ನಲ್ಲೋ ನೆಟ್‌ಫ್ಲಿಕ್ಸ್‌ನಲ್ಲೋ ಆದರೆ ಚಿಂತೆಯಿಲ್ಲ. ಬಿಬಿಸಿಯ ಮಕ್ಕಳ ಚಾನೆಲ್ ಸಿಬೀಬೀಸ್‌ನ ಕಾರ್ಯಕ್ರಮಗಳನ್ನು ಐಪ್ಲೇಯರ್‌ನಲ್ಲಿ ನೋಡುತ್ತಿದ್ದರೆ ಲೈಸೆನ್ಸ್ ಬೇಕು. ಐಪ್ಲೇಯರ್ ಕಾರ್ಯಕ್ರಮ ತೆರೆಯುವಾಗ ‘ನಿಮ್ಮ ಬಳಿ ಟಿ.ವಿ. ಲೈಸೆನ್ಸ್ ಇದೆಯೇ’ ಎಂದು ಕೇಳುತ್ತದೆ, ಮಗುವಿನ ಕೈಗೆ ಬೇಗ ಕೊಟ್ಟುಬಿಡುವ ಅವಸರದಲ್ಲಿ ನಾವು ‘ಇದೆ’ ಎಂದು ಒತ್ತಿ ಮುಂದೆ ಹೋಗಿರುತ್ತೇವೆ. ‘ಬಿಬಿಸಿ ನೋಡುವುದೇ ಇಲ್ಲ’ ಎನ್ನುವ ಹಲವು ಮನೆಗಳಲ್ಲಿ ಬಿಬಿಸಿಯನ್ನು ದಿನಕ್ಕೆ ಒಂದು ಗಂಟೆ ನೋಡುವ ವ್ಯಕ್ತಿ ಮೂರಡಿ ಎತ್ತರ ಇರುತ್ತಾಳೆ ಎಂಬುದನ್ನು ನಾನು ಕಂಡಿದ್ದೇನೆ. ಶಾಲೆಯ ಪಾಠಕ್ಕೆ ನೆರವಾಗುವ ಬಿಬಿಸಿಯ ಬೈಟ್‌ಸೈಜ್ ಜಾಲತಾಣಕ್ಕೆ ಮಾತ್ರ ಲೈಸೆನ್ಸ್ ಬೇಡ. ಬಿಬಿಸಿ ರೇಡಿಯೊಗೂ ಬೇಡ.

ಹಾಗಾದರೆ ಬಿಡುವ ದಾರಿಯೇ ಇಲ್ಲವೇ? ಖಂಡಿತ ಇದೆ, ಮತ್ತು ಅದು ಪೂರ್ಣವಾಗಿ ಕಾನೂನುಬದ್ಧವಾದ ದಾರಿ. ಟಿ.ವಿ. ಪೆಟ್ಟಿಗೆ ಮನೆಯಲ್ಲಿ ಇರುವುದೇ ಅಪರಾಧವಲ್ಲ. ಬೇಕಾದಾಗ ತೆರೆದು ನೋಡುವ ಸಿನಿಮಾ, ಧಾರಾವಾಹಿ, ಡಿವಿಡಿ, ವಿಡಿಯೊ ಗೇಮ್ ಇವುಗಳಿಗಷ್ಟೇ ಅದನ್ನು ಬಳಸುವವರು ಲೈಸೆನ್ಸ್ ಇಟ್ಟುಕೊಳ್ಳಬೇಕಾಗಿಲ್ಲ. ಐಟಿವಿ ಮತ್ತು ಚಾನೆಲ್ 4ರ ಆ್ಯಪ್‌ಗಳಲ್ಲೂ ಹಳೆಯ ಸಂಚಿಕೆಗಳನ್ನು ಲೈಸೆನ್ಸ್ ಇಲ್ಲದೆ ನೋಡಬಹುದು. ಆದ್ದರಿಂದ ನಿಮಗೆ ನಾನು ಹೇಳುವುದಿಷ್ಟು: ನವೀಕರಣಕ್ಕೆ ಇನ್ನೂ ಒಂದು ತಿಂಗಳಿದೆ. ಅಡುಗೆಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದೇ ಇರುತ್ತದೆ. ಮನೆಯಲ್ಲಿ ಯಾರೇ ಆಗಲಿ ಚಾನೆಲ್ ಬರುತ್ತಿರುವ ಹೊತ್ತಿಗೆ ನೋಡಿದ ದಿನ, ಐಪ್ಲೇಯರ್ ತೆರೆದ ದಿನ, ಆ ತಾರೀಖಿನ ಚೌಕದಲ್ಲಿ ಒಂದು ಗುರುತು ಹಾಕಿ. ನಾಲ್ಕು ವಾರದ ಕೊನೆಗೆ ಚೌಕಗಳೆಲ್ಲ ಖಾಲಿ ಇದ್ದರೆ ನಿಶ್ಚಿಂತೆಯಿಂದ ರದ್ದು ಮಾಡಿಸಿ. ಒಂದೆರಡೇ ಗುರುತುಗಳಿದ್ದರೆ, ಅವನ್ನು ಬಿಟ್ಟಿರಬಲ್ಲಿರಾ ಎಂದು ಮನೆಮಂದಿಯೆಲ್ಲ ಕುಳಿತು ಮಾತಾಡಿ. ಗುರುತುಗಳು ಹತ್ತು ದಾಟಿದ್ದರೆ ದಿನಕ್ಕೆ ಸುಮಾರು ಅರ್ಧ ಪೌಂಡ್‌ನಂತೆ ಬೀಳುವ ಆ ಹಣವನ್ನು ಕಟ್ಟಿಬಿಡಿ.

ನಿಮ್ಮ ಮನೆಗೆ ಒಪ್ಪುವ ಮೂರನೆಯ ದಾರಿಯೂ ಒಂದಿದೆ. ಅತ್ತೆ, ಮಾವ ಇರುವ ಐದು ತಿಂಗಳು ಲೈಸೆನ್ಸ್ ಇಟ್ಟುಕೊಂಡು, ಅವರು ಊರಿಗೆ ಹೊರಟ ಮೇಲೆ ಬೇಡವೆಂದು ತಿಳಿಸಿ ರದ್ದು ಮಾಡಿಸಿದರೆ, ಉಳಿದ ಪೂರ್ಣ ತಿಂಗಳುಗಳ ಹಣವನ್ನು ಮರಳಿ ಕೇಳಬಹುದು. ಆದರೆ ಆ ಮೇಲೆ ಚಳಿಗಾಲದಲ್ಲಿ ಆಸ್ಟ್ರೇಲಿಯಾದಿಂದ ಬರುವ ಟೆಸ್ಟ್ ಪಂದ್ಯವನ್ನು ಯಜಮಾನರು ನಡುರಾತ್ರಿ ಎದ್ದು ನೋಡುವಂತಿಲ್ಲ. ಅವರು ಅದಕ್ಕೆ ಒಪ್ಪುತ್ತಾರೆಯೇ ಎಂಬುದನ್ನು ನೀವೇ ಬಲ್ಲಿರಿ. ಇಂಗ್ಲೆಂಡ್ ತಂಡ ಆಡುವ ಹಲವು ಟೆಸ್ಟ್‌ಗಳ ವೀಕ್ಷಕ ವಿವರಣೆ ಬಿಬಿಸಿ ರೇಡಿಯೊದಲ್ಲಿ ಚೆಂಡು ಚೆಂಡಿಗೂ ಬರುತ್ತದೆ. ಅದಕ್ಕೆ ಲೈಸೆನ್ಸ್ ಬೇಡವೆಂದು ಮೇಲೆಯೇ ಹೇಳಿದೆ. ಕಿವಿಗೆ ಟ್ರಾನ್ಸಿಸ್ಟರ್ ಹಿಡಿದು ಬೆಳೆದ ನಮ್ಮ ತಲೆಮಾರಿನವರಿಗೆ ಅದರ ರುಚಿ ಗೊತ್ತು.

ಇನ್ನೊಂದು ವಿಷಯ ಗಮನದಲ್ಲಿರಲಿ. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡು ತಿಂಗಳ ಡೈರೆಕ್ಟ್ ಡೆಬಿಟ್ ಆರಿಸಿಕೊಂಡವರಿಂದ ಮೊದಲ ವರ್ಷದ ಹಣವನ್ನು ಮೊದಲ ಆರು ತಿಂಗಳಲ್ಲೇ ಕಡಿತ ಮಾಡಿಕೊಳ್ಳುತ್ತಾರೆ; 2025ರ ದರದಲ್ಲಿ ಅದು ತಿಂಗಳಿಗೆ ಸುಮಾರು 29 ಪೌಂಡ್ ಆಗುತ್ತಿತ್ತು. ಆಮೇಲೆ ಮುಂದಿನ ವರ್ಷದ ಹಣ ತಿಂಗಳಿಗೆ ಅದರ ಅರ್ಧದಷ್ಟರ ಕಂತಾಗಿ ಹೋಗುತ್ತದೆ. ಬಿಟ್ಟು ಹಿಡಿದು ಮಾಡುವವರಿಗೆ ಈ ಆರು ತಿಂಗಳ ಭಾರ ಪ್ರತಿ ಸಲವೂ ಬೀಳಬಹುದು. ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಪ್ರತಿ ಕಂತಿಗೆ 1.25 ಪೌಂಡ್ ಹೆಚ್ಚು ತೆರಬೇಕು. ಒಟ್ಟಿಗೇ ಕಟ್ಟುವ ಅನುಕೂಲ ಇರುವವರು ಒಟ್ಟಿಗೇ ಕಟ್ಟುವುದು ಲೇಸು.

ಈಗ ನಿಮ್ಮ ಹೆದರಿಕೆಯ ಮಾತು. ಬಿಡುವುದಾದರೆ ಬ್ಯಾಂಕಿನಲ್ಲಿ ಡೈರೆಕ್ಟ್ ಡೆಬಿಟ್ ನಿಲ್ಲಿಸಿ ಸುಮ್ಮನೆ ಕೂರಬೇಡಿ. ಲೈಸೆನ್ಸ್ ವಿಭಾಗಕ್ಕೆ ‘ನಮಗೆ ಲೈಸೆನ್ಸ್ ಅಗತ್ಯವಿಲ್ಲ’ ಎಂಬ ಘೋಷಣೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ, ಬರುವ ದೃಢೀಕರಣವನ್ನು ತೆಗೆದಿಟ್ಟುಕೊಳ್ಳಿ. ಈ ಘೋಷಣೆಯನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಕೇಳುತ್ತಾರೆ. ಘೋಷಣೆ ಕೊಟ್ಟ ಮನೆಗೂ ಪರಿಶೀಲನೆಗೆಂದು ಸಿಬ್ಬಂದಿ ಬರಬಹುದು. ಬಂದವರು ಮನೆಯೊಳಗೆ ಕಾಲಿಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು, ಇಲ್ಲವೇ ಮ್ಯಾಜಿಸ್ಟ್ರೇಟ್ ಕೊಟ್ಟ ವಾರಂಟ್ ಬೇಕು. ಮರ್ಯಾದೆಯಿಂದ ಮಾತಾಡಿ ಕಳುಹಿಸಿದರೆ ಸಾಕು. ಲೈಸೆನ್ಸ್ ಇಲ್ಲದಿರುವುದಾಗಲಿ, ಬೇಡವೆಂದು ಘೋಷಿಸಿರುವುದಾಗಲಿ ನಿಮ್ಮ ವೀಸಾಕ್ಕೆ ಯಾವ ಕಳಂಕವನ್ನೂ ತರುವುದಿಲ್ಲ.

ಕಳಂಕ ತರುವುದು ಬೇರೆ. ಲೈಸೆನ್ಸ್ ಬೇಕಾದ ರೀತಿಯಲ್ಲಿ ಟಿ.ವಿ. ನೋಡುತ್ತಾ ಲೈಸೆನ್ಸ್ ಇಲ್ಲದಿರುವುದು 2003ರ ಸಂವಹನ ಕಾಯ್ದೆಯ ಪ್ರಕಾರ ಕ್ರಿಮಿನಲ್ ಅಪರಾಧ. ದಂಡ 1,000 ಪೌಂಡ್‌ವರೆಗೆ ಇರಬಹುದು, ನ್ಯಾಯಾಲಯದ ವೆಚ್ಚ ಬೇರೆ. ಇಂಗ್ಲೆಂಡಿನಲ್ಲಿ ಈ ಮೊಕದ್ದಮೆಗಳಲ್ಲಿ ಶಿಕ್ಷೆಗೊಳಗಾಗುವವರಲ್ಲಿ ಹೆಂಗಸರೇ ಹೆಚ್ಚು. ಹಗಲು ಹೊತ್ತು ಮನೆಯಲ್ಲಿದ್ದು ಬಾಗಿಲು ತೆರೆಯುವವರು ಅವರೇ ಆಗಿರುವುದು ಇದಕ್ಕೆ ಒಂದು ಕಾರಣ ಎಂದು ಹೇಳುತ್ತಾರೆ. ನಿಮ್ಮ ಪತ್ರ ಓದುವಾಗ ನನಗೆ ಮೊದಲು ಹೊಳೆದದ್ದು ಇದೇ. ಸುಮ್ಮನಿರಿ ಎಂದು ಧೈರ್ಯ ಹೇಳಿದ ಸಹೋದ್ಯೋಗಿ ಆಫೀಸಿನಲ್ಲಿರುತ್ತಾರೆ, ಬಾಗಿಲಿಗೆ ಬಂದವರ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು, ಒಳಗೆ ಟಿ.ವಿ.ಯಲ್ಲಿ ಕನ್ನಡ ಧಾರಾವಾಹಿಯ ಶೀರ್ಷಿಕೆ ಗೀತೆ ಕೇಳಿಸುತ್ತಿರುತ್ತದೆ. ಕಾಯಂ ವಾಸ, ಪೌರತ್ವದ ಅರ್ಜಿಗಳಲ್ಲಿ ಕೋರ್ಟಿನ ಶಿಕ್ಷೆಗಳ ಬಗ್ಗೆ ಪ್ರಶ್ನೆ ಇರುತ್ತದೆ. ಒಂದು ದಂಡದಿಂದ ಅರ್ಜಿ ಬಿದ್ದುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ವರ್ಷದ ಲೈಸೆನ್ಸ್ ಹಣ ಉಳಿಸಲು ಹೋಗಿ ಆ ಜಾಗದಲ್ಲಿ ‘ಹೌದು’ ಎಂದು ಬರೆದು ವಿವರಣೆ ಕೊಡುವ ಪರಿಸ್ಥಿತಿಯನ್ನು ಯಾರಿಗೂ ನಾನು ಬಯಸುವುದಿಲ್ಲ. ರದ್ದು ಮಾಡಿಸಿದ ಮೇಲೂ ನೋಡುತ್ತಲೇ ಇರುವ ನಡುದಾರಿಯನ್ನು ದಯವಿಟ್ಟು ಹಿಡಿಯಬೇಡಿ.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. 2010ರಲ್ಲಿ ಕವೆಂಟ್ರಿಯಲ್ಲಿ ಬಾಡಿಗೆ ಮನೆ ಹಿಡಿದಾಗ, ಮೊದಲ ವಾರವೇ ಬಾಗಿಲ ಸಂದಿಯಿಂದ ಒಂದು ಲಕೋಟೆ ಚಾಪೆಯ ಮೇಲೆ ಬಿದ್ದಿತ್ತು. ಅದರ ಮೇಲೆ ನನ್ನ ಹೆಸರಿರಲಿಲ್ಲ. ‘ಕಾನೂನುಬದ್ಧ ವಾಸಿ’ ಎಂಬರ್ಥದ ಎರಡು ಇಂಗ್ಲಿಷ್ ಪದಗಳಿದ್ದವು. ಆಗ ಮನೆಯಲ್ಲಿ ಟಿ.ವಿ. ಇರಲಿ, ಕುರ್ಚಿಯೂ ಇರಲಿಲ್ಲ. ಆದರೂ ‘ಕಾನೂನು’ ಎಂಬ ಪದ ಕಂಡದ್ದೇ ತಡ, ಅಂದಿನ ದರ 145.50 ಪೌಂಡನ್ನು ಅದೇ ಸಂಜೆ ಕಟ್ಟಿಬಿಟ್ಟೆ. ಎಂಟು ತಿಂಗಳು ಯಾವ ಚಾನೆಲನ್ನೂ ನೋಡಲಿಲ್ಲ. ಲೈಸೆನ್ಸ್ ಇಲ್ಲದ ಪ್ರತಿ ವಿಳಾಸಕ್ಕೂ ಅಂತಹ ಪತ್ರ ತಾನಾಗಿಯೇ ಹೋಗುತ್ತದೆ, ಅದು ಆರೋಪವಲ್ಲ ಎಂದು ನನಗೆ ತಿಳಿಹೇಳುವವರು ಅಂದು ಯಾರೂ ಇರಲಿಲ್ಲ. ಈ ಅಂಕಣದಲ್ಲಿ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದು ಅದಕ್ಕಾಗಿಯೇ.

ಕೊನೆಗೆ ನೀವು ಕೇಳದೇ ಇರುವ ಒಂದು ಮಾತು. ಬಿಬಿಸಿಗೆ ಹಣ ಕೊಡುವುದು ಸರಿಯೇ ಎಂಬ ಪ್ರಶ್ನೆ ಹಲವರ ಮನಸ್ಸಿನಲ್ಲಿದೆ. ಜಾಹೀರಾತಿಲ್ಲದ ಮಕ್ಕಳ ಚಾನೆಲ್, ಊರೂರಿನ ಸ್ಥಳೀಯ ರೇಡಿಯೊ, ವೇಲ್ಸ್ ಭಾಷೆಯ ಎಸ್4ಸಿ ಚಾನೆಲ್, ಬೇರೆ ದೇಶಗಳವರಿಗಾಗಿ ನಡೆಸುವ ವಿಶ್ವಸೇವೆಯ ಬಹುಪಾಲು, ಎಲ್ಲವೂ ಇದೇ ಹಣದಿಂದ ನಡೆಯುತ್ತವೆ. ಒಂದು ಸಣ್ಣ ಭಾಷೆಗೆ ತನ್ನದೇ ಚಾನೆಲ್ ಇರಲಿ ಎಂದು ಇಡೀ ದೇಶ ಹಣ ಹಾಕುವುದನ್ನು ಕನ್ನಡಿಗನಾಗಿ ನಾನು ಗೌರವದಿಂದ ನೋಡುತ್ತೇನೆ. ಅದೇ ಬಿಬಿಸಿ ಭಾರತೀಯ ಭಾಷೆಗಳಲ್ಲಿ ಹಿಂದಿ, ಬಂಗಾಳಿ, ಉರ್ದು, ತಮಿಳು, ತೆಲುಗು, ಮರಾಠಿ, ಗುಜರಾತಿ, ಪಂಜಾಬಿಗಳಿಗೆ ಸುದ್ದಿ ಸೇವೆ ಕೊಟ್ಟು ಕನ್ನಡವನ್ನು ಬಿಟ್ಟಿರುವುದು ನನಗೆ ನೋವಿನ ಸಂಗತಿ. ಆದರೆ ಮೆಚ್ಚುಗೆಗಾಗಲಿ ಬೇಸರಕ್ಕಾಗಲಿ ಈ ಲೆಕ್ಕದಲ್ಲಿ ಜಾಗವಿಲ್ಲ. ಮೆಚ್ಚಿದ್ದೀರೆಂದು, ನೋಡದಿದ್ದರೂ ಕಟ್ಟಬೇಕಾಗಿಲ್ಲ. ಬೇಸರವಿದೆಯೆಂದು, ನೋಡುತ್ತಾ ಕಟ್ಟದೇ ಇರುವಂತಿಲ್ಲ.

ಪ್ರಶ್ನೆ: ಲೀಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಹಾಸ್ಟೆಲ್ ಕೋಣೆಯ ವಿಳಾಸಕ್ಕೆ ಟಿ.ವಿ. ಲೈಸೆನ್ಸ್ ಬಗ್ಗೆ ಪತ್ರ ಬಂದಿದೆ. ನನ್ನ ಬಳಿ ಟಿ.ವಿ. ಇಲ್ಲ, ಲ್ಯಾಪ್‌ಟಾಪ್ ಮಾತ್ರ. ಸ್ಥಳೀಯ ಗೆಳತಿಯೊಬ್ಬಳು ‘ತಂದೆತಾಯಿಯ ಮನೆಗೆ ಲೈಸೆನ್ಸ್ ಇದ್ದರೆ ಸಾಕು’ ಎನ್ನುತ್ತಾಳೆ. ನಿಜವೇ?
(ವಿದ್ಯಾರ್ಥಿನಿ, ಹುಬ್ಬಳ್ಳಿಯವರು)

ಉತ್ತರ: ನಿಮ್ಮ ಗೆಳತಿಗೆ ಅದು ನಿಜ, ನಿಮಗೆ ಅಲ್ಲ. ಬ್ರಿಟನ್ನಿನಲ್ಲೇ ತಂದೆತಾಯಿಯ ಮನೆಗೆ ಲೈಸೆನ್ಸ್ ಇರುವ ವಿದ್ಯಾರ್ಥಿಗಳು, ಲ್ಯಾಪ್‌ಟಾಪನ್ನೋ ಮೊಬೈಲನ್ನೋ ವಿದ್ಯುತ್ ಪ್ಲಗ್‌ಗೆ ಸಿಕ್ಕಿಸದೆ ಬ್ಯಾಟರಿಯಲ್ಲಿಯೇ ಓಡಿಸಿಕೊಂಡು ನೋಡಿದರೆ, ಆ ಲೈಸೆನ್ಸಿನ ರಕ್ಷಣೆ ಅವರಿಗೆ ಸಿಗುತ್ತದೆ. ನಿಮ್ಮ ತಂದೆತಾಯಿಯ ಮನೆ ಹುಬ್ಬಳ್ಳಿಯಲ್ಲಿರುವುದರಿಂದ ಈ ವಿನಾಯಿತಿ ನಿಮಗೆ ಅನ್ವಯಿಸುವುದಿಲ್ಲ. ಪ್ರತ್ಯೇಕ ಒಪ್ಪಂದದ ಮೇಲೆ ಹಿಡಿದ ಕೋಣೆಯನ್ನು ಒಂದು ಬೇರೆ ಮನೆಯೆಂದೇ ಎಣಿಸುತ್ತಾರೆ. ನೀವು ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ, ಯೂಟ್ಯೂಬ್ ತುಣುಕುಗಳನ್ನಷ್ಟೇ ನೋಡುವವರಾದರೆ ಬೇಡವೆಂಬ ಘೋಷಣೆ ಸಲ್ಲಿಸಿ ಓದಿನತ್ತ ಗಮನ ಕೊಡಿ. ಭಾರತದ ಪಂದ್ಯಗಳನ್ನು ನಡೆಯುತ್ತಿರುವಾಗಲೇ ನೋಡಬೇಕೆಂದಿದ್ದರೆ ಲೈಸೆನ್ಸ್ ತೆಗೆದುಕೊಳ್ಳಿ, ಓದು ಮುಗಿಸಿ ಹೊರಡುವಾಗ ಉಳಿದ ತಿಂಗಳುಗಳ ಹಣವನ್ನು ಮರಳಿ ಕೇಳಲು ಮರೆಯಬೇಡಿ. ಮುಂದೆ ನಾಲ್ಕು ಮಂದಿ ಸೇರಿ ಒಂದೇ ಒಪ್ಪಂದದ ಮೇಲೆ ಮನೆ ಹಿಡಿದರೆ ಸಾಮಾನ್ಯವಾಗಿ ಎಲ್ಲರಿಗೂ ಸೇರಿ ಒಂದೇ ಲೈಸೆನ್ಸ್ ಸಾಕಾಗುತ್ತದೆ. ಮನೆ ಹಿಡಿಯುವಾಗ ಒಪ್ಪಂದದ ಕಾಗದವನ್ನು ಓದಿ ನೋಡಿ.

ಪ್ರಶ್ನೆ: ನಲವತ್ತು ವರ್ಷಗಳಿಂದ ಲೆಸ್ಟರ್‌ನಲ್ಲಿರುವ ನಮ್ಮ ತಾಯಿಗೆ ಈಗ 76. ಅವರು ನಮ್ಮ ಜೊತೆಯಲ್ಲೇ ಇದ್ದಾರೆ. ವಯಸ್ಸಾದವರಿಗೆ ಲೈಸೆನ್ಸ್ ಉಚಿತವಂತೆ, ಹೌದೇ?
(ಓದುಗರು, ಲೆಸ್ಟರ್)

ಉತ್ತರ: 75 ದಾಟಿದ ಎಲ್ಲರಿಗೂ ಉಚಿತವಾಗಿದ್ದ ಕಾಲ 2020ರ ಜುಲೈಗೆ ಮುಗಿಯಿತು. ಅದೇ ಆಗಸ್ಟ್ 1ರಿಂದ, 75 ದಾಟಿದ್ದು ಪೆನ್ಷನ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುತ್ತಿರುವವರಿಗೆ ಮಾತ್ರ ಉಚಿತ. ಪೆನ್ಷನ್ ಕ್ರೆಡಿಟ್‌ಗೆ ನಿಮ್ಮ ತಾಯಿಯವರ ಆದಾಯ, ಉಳಿತಾಯವನ್ನು ನೋಡುತ್ತಾರೆಯೇ ಹೊರತು ಒಟ್ಟಿಗಿರುವ ಮಗನ ಸಂಬಳವನ್ನು ಅದಕ್ಕೆ ಸೇರಿಸುವುದಿಲ್ಲ. ‘ಮಗ ದುಡಿಯುತ್ತಿದ್ದಾನಲ್ಲ, ನಮಗೆಲ್ಲಿ ಕೊಡುತ್ತಾರೆ’ ಎಂದು ಎಷ್ಟೋ ಹಿರಿಯರು ಅರ್ಜಿಯನ್ನೇ ಹಾಕುವುದಿಲ್ಲ. ನೀವು ವಿಚಾರಿಸಿ. ಸಿಕ್ಕಿದರೆ ಲೈಸೆನ್ಸ್ ತಾಯಿಯವರ ಹೆಸರಿಗೆ ಆಗಬೇಕು, ಆಗ ಮನೆಮಂದಿಗೆಲ್ಲ ಅದೇ ಸಾಕು. ಕಣ್ಣಿನ ದೃಷ್ಟಿ ತೀವ್ರವಾಗಿ ಕುಂದಿದೆಯೆಂದು ಪ್ರಮಾಣಪತ್ರ ಪಡೆದವರಿಗೆ ವಯಸ್ಸು ಎಷ್ಟೇ ಇರಲಿ ಅರ್ಧ ದರ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಎಪ್ಪತ್ತರ ದಶಕದಲ್ಲಿ ನಮ್ಮ ತಂದೆ ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿಗೆ 15 ರೂಪಾಯಿ ಕಟ್ಟಿ, ಸಣ್ಣ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ನಮ್ಮ ದೇಶ ಅದನ್ನು ಎಂದೋ ಕೈಬಿಟ್ಟಿತು. ಲಂಡನ್ನಿನಲ್ಲಿರುವ ಮಗ ಇಂದಿಗೂ ಟಿ.ವಿ.ಗೆ ಲೈಸೆನ್ಸ್ ಕಟ್ಟುತ್ತಾನೆಂದು ಕೇಳಿ ಆಶ್ಚರ್ಯವಾಯಿತು. ಅಷ್ಟು ಮುಂದುವರಿದ ದೇಶ ಇದನ್ನೇಕೆ ಉಳಿಸಿಕೊಂಡಿದೆ?
(ಓದುಗರು, ಧಾರವಾಡ)

ಉತ್ತರ: ನಿಮ್ಮ ತಂದೆಯವರು ಕಟ್ಟುತ್ತಿದ್ದ ಹಣದ ಮೂಲವೂ ಬ್ರಿಟಿಷರ ಪದ್ಧತಿಯೇ. ಅಲ್ಲಿ ರೇಡಿಯೊ ಲೈಸೆನ್ಸ್ 1922ರಲ್ಲಿ 10 ಷಿಲಿಂಗ್ ದರದಲ್ಲಿ ಶುರುವಾಯಿತು; ಯುದ್ಧ ಮುಗಿದ ಮೇಲೆ, 1946ರಲ್ಲಿ, ಟಿ.ವಿ. ಮತ್ತು ರೇಡಿಯೊ ಎರಡಕ್ಕೂ ಸೇರಿ 2 ಪೌಂಡ್‌ಗಳ ಲೈಸೆನ್ಸ್ ಬಂತು. 1968ರಲ್ಲಿ ಬಣ್ಣದ ಟಿ.ವಿ.ಗೆ ಬೇರೆ ದರವಾಯಿತು. 1971ರಲ್ಲಿ ರೇಡಿಯೊ ಲೈಸೆನ್ಸ್ ರದ್ದಾಯಿತು. ಕಪ್ಪು-ಬಿಳುಪು ಟಿ.ವಿ.ಗೆ ಇಂದಿಗೂ ಬೇರೆ ಲೈಸೆನ್ಸ್ ಇದೆ, 2025ರಲ್ಲಿ ಅದು 58.50 ಪೌಂಡ್ ಇತ್ತು ಎಂದರೆ ನೀವು ಇನ್ನೂ ಆಶ್ಚರ್ಯಪಡಬಹುದು. ನಮ್ಮಲ್ಲಿ 1933ರ ಕಾಯ್ದೆಯ ಪ್ರಕಾರ ರೇಡಿಯೊ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕಾಗಿತ್ತು, ನೀವು ಕೇಳಿರಿ ಬಿಡಿರಿ. ನಮ್ಮ ಹಿರಿಯರು ಬ್ರಿಟನ್ನಿಗೆ ಹೋದಾಗ ‘ಟಿ.ವಿ. ಇಟ್ಟುಕೊಂಡರೆ ಲೈಸೆನ್ಸ್’ ಎಂದೇ ತಿಳಿಯುವುದು ಈ ಹಳೆಯ ನೆನಪಿನಿಂದ. ಭಾರತ ಸರ್ಕಾರ 1980ರ ದಶಕದ ಮಧ್ಯಭಾಗದಲ್ಲಿ ಮನೆಬಳಕೆಯ ರೇಡಿಯೊ, ಟಿ.ವಿ. ಲೈಸೆನ್ಸ್‌ಗಳನ್ನು ತೆಗೆದುಹಾಕಿತು. ಅಂದಿನಿಂದ ಆಕಾಶವಾಣಿ, ದೂರದರ್ಶನಗಳಿಗೆ ಹಣ ಬರುವುದು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಬೊಕ್ಕಸದಿಂದ ಮತ್ತು ಜಾಹೀರಾತಿನಿಂದ. ಅಂದರೆ ನಿಮ್ಮ ತಂದೆ ಅಂಚೆ ಕಚೇರಿಯ ಕಿಟಕಿಯಲ್ಲಿ ಎಣಿಸಿ ಕೊಡುತ್ತಿದ್ದ ಹಣವನ್ನು ನೀವು ಈಗ ತೆರಿಗೆಯ ಮೂಲಕ ಕಾಣದಂತೆ ಕೊಡುತ್ತಿದ್ದೀರಿ.

ಬ್ರಿಟನ್ನಿನವರು ಇದನ್ನು ಉಳಿಸಿಕೊಂಡಿರುವುದಕ್ಕೆ ಮುಖ್ಯ ಕಾರಣ, ಕೇಳುಗರೂ ನೋಡುಗರೂ ನೇರವಾಗಿ ಹಣ ಕೊಟ್ಟರೆ ಪ್ರಸಾರ ಸಂಸ್ಥೆ ಮಂತ್ರಿಗಳ ಕೈ ನೋಡಿಕೊಂಡು ಇರಬೇಕಾಗಿಲ್ಲ ಎಂಬ ನಂಬಿಕೆ. ಈ ನಂಬಿಕೆ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ದರ ಎಷ್ಟೆಂದು ತೀರ್ಮಾನಿಸುವುದು ಅಲ್ಲಿಯೂ ಸರ್ಕಾರವೇ. 2022ರಿಂದ ಎರಡು ವರ್ಷ 159 ಪೌಂಡ್‌ನಲ್ಲೇ ಅದನ್ನು ಕಟ್ಟಿಹಾಕಿದ್ದರು. ಆದರೂ ಸರ್ಕಾರದ ವಕ್ತಾರರನ್ನು ಸರ್ಕಾರದ ಹಂಗಿಲ್ಲದೆ ಪ್ರಶ್ನಿಸುವ ಒಂದು ಸುದ್ದಿಮನೆ ಇರಬೇಕು ಎಂಬ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಫ್ರಾನ್ಸ್ 2022ರಲ್ಲಿ ಟಿ.ವಿ. ಶುಲ್ಕವನ್ನು ರದ್ದು ಮಾಡಿತು. ಜರ್ಮನಿಯಲ್ಲಿ ಟಿ.ವಿ. ಇರಲಿ, ಇಲ್ಲದಿರಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಕೊಡಲೇಬೇಕು. ಅಲ್ಲಿರುವ ನಿಮ್ಮ ಮಗನ ಗೆಳೆಯರಿಗೆ ಬಿಡುವ ಆಯ್ಕೆಯೇ ಇಲ್ಲ. ಬಿಬಿಸಿ ನಡೆಯಲು ಆಧಾರವಾದ ಈಗಿನ ರಾಜಸನ್ನದು (ರಾಯಲ್ ಚಾರ್ಟರ್) 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅದರ ನಂತರ ಲೈಸೆನ್ಸ್ ಹೀಗೆಯೇ ಉಳಿಯಬೇಕೇ ಎಂಬ ಚರ್ಚೆ ಅಲ್ಲಿ ಜೋರಾಗಿದೆ.

ಬಾನುಲಿಯ ಖರ್ಚು ಯಾರು ಹೊರಬೇಕು ಎಂಬ ಈ ಪ್ರಶ್ನೆ ನಮ್ಮ ನಾಡಿಗೂ ಹೊಸದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಖಾಸಗಿಯಾಗಿ ‘ಆಕಾಶವಾಣಿ’ಯನ್ನು ಆರಂಭಿಸಿದರು, ಕೆಲವು ವರ್ಷಗಳ ನಂತರ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ನಿಮ್ಮ ತಂದೆಯವರ ರೇಡಿಯೊ ಲೈಸೆನ್ಸ್ ಪುಸ್ತಕ ಇನ್ನೂ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಮುದ್ರೆಗಳು ಕಾಣುವಂತೆ ಒಂದು ಪುಟದ ಚಿತ್ರ ತೆಗೆದು ಪತ್ರಿಕೆಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.